ಬೋರ್ಡಲ್ಲಿ 29, ಪಾಲಿಹೌಸಲ್ಲಿ 41: ಪುಟ್ಟ ಕಂಪ್ಯೂಟರ್‌ನ ಬ್ರೌಸರ್ ನಂಬಿ ನಾನು ಕಲಿತ ಪಾಠ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ನಾನು ತರಕಾರಿ ಕೊಡೋಕೆ ಪೇಟೆಗೆ ಹೋಗಿದ್ದೆ. ನರ್ಸರಿ ನೋಡ್ಕೊಳ್ತಿದ್ದವರು ಅಪ್ಪ. ಮೂರು ಗಂಟೆಗೆ ವಾಪಸ್ ಬಂದು ಪಾಲಿಹೌಸ್ ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ಗಾಳಿ ಹೊಡೀತು. 60 ಪ್ರೋಟ್ರೇಗಳ ಟೊಮೆಟೊ ಸಸಿಗಳು ತಲೆ ಬಾಗಿಸಿ ನಿಂತಿದ್ದವು. ಒಳಗೆ ನೇತುಹಾಕಿದ್ದ ಹಳೇ ಥರ್ಮಾಮೀಟರ್ 41 ಡಿಗ್ರಿ ತೋರಿಸ್ತಿತ್ತು.

"ಫಾಗರ್ ಯಾಕಪ್ಪಾ ಹಾಕ್ಲಿಲ್ಲ?" ಅಂದೆ.

"ಶೆಡ್ಡಿನ ಬೋರ್ಡಲ್ಲಿ 29 ಅಂತಾನೇ ಇತ್ತಲ್ಲಮ್ಮ. ಬೆಳಗ್ಗೆಯಿಂದ ನೋಡ್ತಾನೇ ಇದೀನಿ" ಅಂದ್ರು.

ಅಪ್ಪನದು ತಪ್ಪಿಲ್ಲ. ಆ ಬೋರ್ಡ್ ಮಾಡಿದ್ದು ನಾನೇ. ಒಂದು ರಾಸ್ಪ್‌ಬೆರಿ ಪೈ 3, ಒಂದು ಡಿಎಚ್‌ಟಿ 22 ಸೆನ್ಸರ್, ಮನೇಲಿದ್ದ ಹಳೇ ಮಾನಿಟರ್. ಪೈ ಮೇಲೆ ಬ್ರೌಸರ್ ತೆರೆದು, ಬಣ್ಣಬಣ್ಣದ ಗ್ರಾಫ್ ಇರೋ ಪುಟವನ್ನ ಪೂರ್ತಿ ಪರದೆಗೆ ಹಾಕಿದ್ದೆ. ಆವತ್ತು ಬೆಳಗ್ಗೆ ಎಂಟೂವರೆಗೇ ಬ್ರೌಸರ್ ನಿಂತುಹೋಗಿತ್ತು. ಕೊನೇ ಚಿತ್ರ ಮಾತ್ರ ಪರದೆ ಮೇಲೆ ಹಾಗೇ ಉಳಿದಿತ್ತು.

ಆಮೇಲೆ ಫೈಲ್ ತೆಗೆದು ನೋಡಿದೆ. ಸೆನ್ಸರ್ ಪ್ರತಿ ನಿಮಿಷವೂ ಸರಿಯಾಗೇ ಅಳತೆ ಬರೆದಿತ್ತು, 41ರವರೆಗೂ. ಅಂದರೆ ಅಳೆಯೋ ಕೆಲಸ ಕೆಟ್ಟಿರಲಿಲ್ಲ, ತೋರಿಸೋ ಕೆಲಸ ಕೆಟ್ಟಿತ್ತು. 22 ಟ್ರೇ ಉಳೀಲಿಲ್ಲ. ಟ್ರೇಗೆ 98ರಂತೆ 2,156 ಸಸಿ. ಅವನ್ನ ನಂಬಿ ಡ್ರಿಪ್ ಎಳೆದು, ಏರು ಮಡಿ ಮಾಡಿ ಕಾಯ್ತಿದ್ದ ಪಕ್ಕದೂರಿನ ರೈತರಿಗೆ ಫೋನ್ ಮಾಡಿ ಹೇಳೋದು ಇನ್ನೂ ಕಷ್ಟವಾಯ್ತು.

ಈಗ ನಮ್ಮಲ್ಲಿ ಎಷ್ಟೋ ಜನ ಹುಡುಗರು ಇಂಥ ಪುಟ್ಟ ಕಂಪ್ಯೂಟರ್ ತಂದು ತೋಟದಲ್ಲಿ ಇಡ್ತಿದ್ದಾರೆ. ಒಳ್ಳೇದೇ. ಆದರೆ ಅದರಲ್ಲಿ ಬ್ರೌಸರ್ ಓಡಿಸೋ ಮುಂಚೆ ಈ ನಾಲ್ಕು ವಿಷಯ ತಿಳ್ಕೊಳ್ಳಿ.

ಮೊದಲನೆಯದು ಪ್ರೊಸೆಸರ್

2012ರ ಮೊದಲ ಪೈ ಮತ್ತು 2015ರ ಪೈ ಝೀರೋ, ಎರಡರಲ್ಲೂ ಇರೋದು ಎಆರ್‌ಎಂವಿ6 ಅನ್ನೋ ಹಳೇ ಬಗೆಯ ಪ್ರೊಸೆಸರ್. ಈಗಿನ ಕ್ರೋಮಿಯಂ ಬ್ರೌಸರ್‌ಗೆ ಬೇಕಾದ 'ನಿಯಾನ್' ಎಂಬ ಸೌಲಭ್ಯ ಅದರಲ್ಲಿಲ್ಲ. ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅದು ತೆರೆಯೋದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗ್ತು ಅಂತ ತರೋ ಮುಂಚೆ ಮಾಡೆಲ್ ಕೇಳಿ. ಸೆನ್ಸರ್ ಓದೋಕೆ ಈ ಬೋರ್ಡ್‌ಗಳು ಈಗಲೂ ಸಾಕು, ಬ್ರೌಸರ್‌ಗೆ ಮಾತ್ರ ಬೇಡ.

ಎರಡನೆಯದು ಮೆಮೊರಿ

ಪೈ 3ರಲ್ಲಿ ಇರೋದು 1 ಜಿಬಿ ರ್‍ಯಾಮ್. ಪೈ ಝೀರೋ 2 ಡಬ್ಲ್ಯೂನಲ್ಲಿ ಬರೀ 512 ಎಂಬಿ. ಗ್ರಾಫ್ ಬಿಡಿಸುತ್ತಾ ದಿನಗಟ್ಟಲೆ ತೆರೆದೇ ಇರುವ ಪುಟ ಮೆಮೊರಿಯನ್ನ ಸ್ವಲ್ಪಸ್ವಲ್ಪವೇ ತಿನ್ನುತ್ತಾ ಹೋಗಬಹುದು. ಒಂದು ದಿನ ಟ್ಯಾಬ್ ನಿಂತುಹೋಗುತ್ತೆ. ನನಗಾದದ್ದು ಇದೇ. ಬೋರ್ಡ್ ಮೇಲೆಯೇ ಬ್ರೌಸರ್ ಬೇಕು ಅಂದ್ರೆ ಪೈ 4 ಅಥವಾ ಪೈ 5 ತಗೊಳ್ಳಿ, 4 ಜಿಬಿ ಇದ್ದರೆ ನಿರಾಳ.

ಮೂರನೆಯದು ಗಡಿಯಾರ

ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಸಮಯವನ್ನ ಇಂಟರ್ನೆಟ್‌ನಿಂದ ತಗೊಳ್ತವೆ. ಕರೆಂಟ್ ಹೋಗಿ ಬಂದಾಗ ನೆಟ್ ಇಲ್ಲದಿದ್ದರೆ ತಾರೀಖು ಹಿಂದೆ ಬೀಳುತ್ತೆ. ಆಗ ಬ್ರೌಸರ್ ಸುರಕ್ಷಿತ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಸರಿಯಿಲ್ಲ ಅಂತ ತಡೆಯಬಹುದು. ನಾವು ಸೈಟೇ ಕೆಟ್ಟಿದೆ ಅಂದ್ಕೋತೀವಿ. ಸಾಫ್ಟ್‌ವೇರ್ ತೀರಾ ಹಳೆಯದಾದರೂ ಇದೇ ಗೋಳು. 2021ರ ಸೆಪ್ಟೆಂಬರ್ 30ರಂದು ಬಹಳ ಸೈಟ್‌ಗಳು ಆಧರಿಸಿದ್ದ ಒಂದು ಮೂಲ ಸರ್ಟಿಫಿಕೇಟ್‌ನ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಎಷ್ಟೋ ಹಳೇ ಸಾಧನಗಳಲ್ಲಿ ಸೈಟ್‌ಗಳು ತೆರೆಯದೇ ಹೋದವು. ಡಿಎಸ್ 3231 ಅನ್ನೋ ಚಿಕ್ಕ ಗಡಿಯಾರದ ಮಾಡ್ಯೂಲ್ ಹಾಕಿಕೊಳ್ಳಿ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಆದರೆ ಬ್ಯಾಟರಿ ಬೇರೆ ಜೋಡಿಸಬೇಕು.

ನಾಲ್ಕನೆಯದು ನಮ್ಮ ಕನ್ನಡ

ಹೊಸದಾಗಿ ಸಿಸ್ಟಮ್ ಹಾಕಿದಾಗ ಕನ್ನಡ ಅಕ್ಷರದ ಬದಲು ಚೌಕಚೌಕ ಡಬ್ಬಿ ಕಂಡರೆ ಗಾಬರಿ ಬೇಡ. ಫಾಂಟ್ ಇಲ್ಲ ಅಷ್ಟೇ. ರಾಸ್ಪ್‌ಬೆರಿ ಪೈ ಓಎಸ್‌ಗೆ ಆಧಾರವಾದ ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟ್‌ಗಳು ಉಚಿತವಾಗಿ ಸಿಗ್ತವೆ. ಹಾಕಿ ಒಮ್ಮೆ ರೀಸ್ಟಾರ್ಟ್ ಮಾಡಿ. ಅಪ್ಪ ಅಮ್ಮ ಓದಬೇಕಾದ ಪರದೆ ಅವರ ಭಾಷೆಯಲ್ಲೇ ಇರಲಿ.

ಈಗ ನಾನು ಮಾಡ್ತಿರೋದು

ಪೈ ಮೇಲೆ ಬ್ರೌಸರ್ ಓಡಿಸೋದನ್ನೇ ಬಿಟ್ಟೆ. ಒಳ್ಳೇ ಬ್ರೌಸರ್ ನಮ್ಮೆಲ್ಲರ ಜೇಬಲ್ಲೇ ಇದೆಯಲ್ಲ! ಈಗ ಪೈ ಕೆಲಸ ಎರಡೇ: ಅಳೆಯೋದು, ಪುಟ ಬರೆಯೋದು. ನಿಮಿಷಕ್ಕೊಮ್ಮೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಉಷ್ಣಾಂಶ, ತೇವಾಂಶ ಓದಿ ಸರಳವಾದ ಎಚ್‌ಟಿಎಂಎಲ್ ಪುಟ ಬರೆಯುತ್ತೆ. ಪೈಥಾನ್ ಜೊತೆಗೇ ಬರೋ ಪುಟ್ಟ ಸರ್ವರ್ ಅದನ್ನ ನಮ್ಮ ವೈಫೈನಲ್ಲಿ ಹಂಚುತ್ತೆ. ರೂಟರ್‌ನಲ್ಲಿ ಪೈಗೆ ಒಂದು ಖಾಯಂ ಐಪಿ ವಿಳಾಸ ಕೊಟ್ಟಿದ್ದೀನಿ. ಅಪ್ಪನ ಫೋನಲ್ಲಿ ಆ ವಿಳಾಸದ ಶಾರ್ಟ್‌ಕಟ್ ಇದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ, ವೈಫೈ ಇದ್ದರೆ ಸಾಕು.

ಪುಟದಲ್ಲಿ ಗ್ರಾಫ್ ಇಲ್ಲ, ಬಣ್ಣವಿಲ್ಲ. ಮೂರೇ ಸಾಲು. ಉಷ್ಣಾಂಶ, ತೇವಾಂಶ, ಮತ್ತೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ "ಅಳತೆ ತೆಗೆದ ಸಮಯ". ಆ ಸಮಯ ಐದು ನಿಮಿಷಕ್ಕಿಂತ ಹಳೆಯದಾಗಿದ್ದರೆ ಅಂಕಿಯನ್ನ ನಂಬಬೇಡಿ, ಎದ್ದು ಪಾಲಿಹೌಸ್‌ಗೆ ಹೋಗಿ ಅಂತ ಮನೇಲಿ ಎಲ್ಲರಿಗೂ ಹೇಳಿದ್ದೀನಿ. ಅವತ್ತು ಈ ಒಂದು ಸಾಲು ಇದ್ದಿದ್ದರೆ 22 ಟ್ರೇ ಉಳೀತಿತ್ತು.

ಒಂದು ಎಚ್ಚರಿಕೆ: ಈ ಪುಟ್ಟ ಸರ್ವರ್‌ಗೆ ಪಾಸ್‌ವರ್ಡ್ ಇರಲ್ಲ. ಮನೆಯ ವೈಫೈ ಒಳಗೇ ಇರಲಿ, ಹೊರಗಿನ ಇಂಟರ್ನೆಟ್‌ಗೆ ತೆರೆದಿಡಬೇಡಿ.

ನಿಮ್ಮಲ್ಲಿ ಈಗಾಗಲೇ ಇಂಥ ಬೋರ್ಡ್ ಇದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಸೆನ್ಸರ್ ವೈರ್ ಕಿತ್ತು ಹತ್ತು ನಿಮಿಷ ಬಿಟ್ಟು ಪರದೆ ನೋಡಿ. ಇನ್ನೂ ಹಳೇ ಅಂಕಿಯನ್ನೇ ತೋರಿಸ್ತಿದ್ದು, ಪಕ್ಕದಲ್ಲಿ ಸಮಯ ಇಲ್ಲ ಅಂದ್ರೆ ಅದು ನಿಮಗೂ ಒಂದು ದಿನ ಸುಳ್ಳು ಹೇಳುತ್ತೆ. ಹಾಗೇ, ಒಳಗಿನ ಹಳೇ ಥರ್ಮಾಮೀಟರ್ ತೆಗೀಬೇಡಿ. ನಮ್ಮದು ಈಗಲೂ ಅಲ್ಲೇ ನೇತಾಡ್ತಿದೆ. ಅಪ್ಪ ಫೋನ್ ನೋಡಿದ ಮೇಲೂ ಒಂದ್ಸಲ ಅದನ್ನ ನೋಡಿಯೇ ಬರ್ತಾರೆ. ನಾನೂ ಬೇಡ ಅನ್ನಲ್ಲ.