ಗಾಳಿಯ ಠೇವಣಿ

2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಚಿನ್ನ ತಂದ ಏರ್ ರೈಫಲಿನ ಗುಂಡನ್ನು ನೂಕಿದ್ದು ಸಿಡಿಮದ್ದಲ್ಲ, ಒತ್ತಿ ತುಂಬಿದ ಗಾಳಿ. ಸ್ಪರ್ಧೆಯ ಇಂಥ ಬಂದೂಕುಗಳ ಕಿರುಸಿಲಿಂಡರು ಸಾಮಾನ್ಯವಾಗಿ 200 ಬಾರ್, ಎಂದರೆ ವಾಯುಮಂಡಲದ ಸುಮಾರು ಇನ್ನೂರು ಮಡಿ ಒತ್ತಡವನ್ನು ಬೇಡುತ್ತದೆ. ಅದಕ್ಕೆ ಗಾಳಿಯೂಡುವ ಟ್ಯಾಂಕು ಎಂಥದಿರಬೇಕು?

ದೊಡ್ಡದೇ ಲೇಸೆಂದು ಯಾರಿಗಾದರೂ ತೋರೀತು. 232 ಬಾರಿನ 12 ಲೀಟರ್ ಟ್ಯಾಂಕನ್ನೂ 300 ಬಾರಿನ 7 ಲೀಟರ್ ಟ್ಯಾಂಕನ್ನೂ ಅಕ್ಕಪಕ್ಕ ಇಡೋಣ. ಒಟ್ಟು ಗಾಳಿ ಮೊದಲನೆಯದರಲ್ಲೇ ಹೆಚ್ಚು. ಆದರೆ ಗಾಳಿ ಹರಿಯುವುದು ಎರಡೂ ಕಡೆಯ ಒತ್ತಡ ಸಮನಾಗುವವರೆಗೆ ಮಾತ್ರ. ಟ್ಯಾಂಕು 200ಕ್ಕಿಂತ ಕೆಳಗಿಳಿದರೆ ಬಂದೂಕು ಪೂರ್ತಿ ತುಂಬದು. ಆದ್ದರಿಂದ ಲೆಕ್ಕಕ್ಕೆ ಬರುವುದು 200ರ ಮೇಲಿನದಷ್ಟೆ: ದೊಡ್ಡದರಲ್ಲಿ ಸುಮಾರು 384 ಲೀಟರ್, ಚಿಕ್ಕದರಲ್ಲಿ 700. ಉಳಿದದ್ದು ಬ್ಯಾಂಕಿನ ಕನಿಷ್ಠ ಠೇವಣಿಯಂತೆ. ನಮ್ಮದೇ, ಆದರೆ ಕೈಗೆ ಬಾರದು!

ಉಕ್ಕಿನದು ಅಗ್ಗ, ಇಂಗಾಲದ ನಾರು ಸುತ್ತಿದ್ದು ಹಗುರ. ಯಾವುದೇ ಇರಲಿ, ಒತ್ತಡಪರೀಕ್ಷೆಯ ತಾರೀಖು ಮೈಮೇಲಿಲ್ಲದ್ದನ್ನು ಕೊಳ್ಳಲಾಗದು. ತುಂಬುವ ಗಾಳಿ ಒಣಗಿರಬೇಕು. ತೇವವಿದ್ದರೆ ಉಕ್ಕು ಒಳಗೊಳಗೇ ತುಕ್ಕು ಹಿಡಿಯುತ್ತದೆ.

300 ಬಾರಿನದನ್ನು ಆಯ್ದವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಬಂದೂಕಿನ ಮಿತಿಯನ್ನು ಆ ಟ್ಯಾಂಕು ಅರಿಯದು. ಕವಾಟವನ್ನು ಮೆಲ್ಲಮೆಲ್ಲನೆ ತಿರುಗಿಸಿ, ಮಾಪಕದ ಮುಳ್ಳು 200ನ್ನು ಮುಟ್ಟುತ್ತಲೇ ಮುಚ್ಚತಕ್ಕದ್ದು.