ಹಬ್ಬದ ಉಡುಗೊರೆ ಊರಂಗಡಿಯಿಂದಲೇ ಬರಲಿ

ದೀಪಾವಳಿ ಹತ್ತಿರ ಬಂದಿತು. ಘಟ್ಟದ ಕಡೆಯ ನಮ್ಮ ಸದಸ್ಯರ ತೋಟಗಳಲ್ಲಿ ಕಾಫಿ ಹಣ್ಣು ಬಣ್ಣ ತಿರುಗುತ್ತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಅಡಿಕೆಯ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಹಗಲಿರುಳೂ ಸಾಗಿದೆ. ಬೆಳೆಗಾರನ ಕೈಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಕಾಸು ಆಡುವ ಕಾಲವಿದು. ಖೇಣಿಯ ಮುಂಗಡವೋ, ಸಂಘಕ್ಕೆ ಹಾಕಿದ ಮಾಲಿನ ಬಾಬ್ತೋ, ಕೈಗೆ ಬಂದ ಹಣ ಮನೆಗೆ ಮುಟ್ಟುವ ಮೊದಲೇ ಎಲ್ಲೆಲ್ಲಿಗೋ ಹರಿದು ಹೋಗುವುದೂ ಇದೇ ಕಾಲದಲ್ಲಿ.

ಹಬ್ಬಕ್ಕೆ ಏನು ಕೊಳ್ಳಬೇಕು, ಯಾರಿಗೆ ಏನು ಕೊಡಬೇಕು ಎಂದು ಸದಸ್ಯರ ಮನೆಯ ಹೆಣ್ಣುಮಕ್ಕಳು ನಮ್ಮನ್ನು ಕೇಳುವುದುಂಟು. ಉತ್ತರ ಹುಡುಕಲು ಈ ಸಲ ನಾವು ದಾವಣಗೆರೆಯ ದೊಡ್ಡ ಮಳಿಗೆಗಳಿಗೆ ಹೋಗಲಿಲ್ಲ. ಅಲ್ಲಿಂದ ಜಗಳೂರಿನ ಬಸ್ಸು ಹತ್ತಿ ಬಿಳಿಚೋಡಿನಲ್ಲಿ ಇಳಿದೆವು.

ಬಿಳಿಚೋಡು ಜಗಳೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಈ ಸೀಮೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಈ ಬಯಲು ನಾಡಿನಲ್ಲಿ ಈಗ ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರೂ ಇದ್ದಾರೆ. ಸುತ್ತಲ ಹಳ್ಳಿಗಳವರಿಗೆ ಉಪ್ಪಿನಿಂದ ಹಿಡಿದು ಮದುವೆಯ ಜವಳಿಯವರೆಗೆ ಹತ್ತಿರದ ಪೇಟೆ ಎಂದರೆ ಇಂಥ ಹೋಬಳಿ ಊರುಗಳೇ.

ಕಡದ ಪುಸ್ತಕ

ಮೊದಲು ಒಂದು ಕಿರಾಣಿ ಅಂಗಡಿಗೆ ಹೋದೆವು. ಹಬ್ಬದ ವ್ಯಾಪಾರ ಹೇಗಿದೆ ಎಂದು ಕೇಳಿದಾಗ ಅಂಗಡಿಯ ಯಜಮಾನರು ಉತ್ತರ ಕೊಡದೆ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದನೆಯ ಪುಸ್ತಕ ತೆಗೆದು ನಮ್ಮ ಮುಂದೆ ಇಟ್ಟರು. ಅದು ಕಡದ ಪುಸ್ತಕ.

2023ರಲ್ಲಿ ಮಳೆ ಕೈಕೊಟ್ಟಿದ್ದು ಬೆಳೆಗಾರರಾರೂ ಮರೆತಿಲ್ಲ. ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಈ ಜಿಲ್ಲೆಯಲ್ಲಿ ಅಡಿಕೆ ಗಿಡ ಉಳಿಸಲು ಟ್ಯಾಂಕರಿನಲ್ಲಿ ನೀರು ಹೊಡೆದವರು ಎಷ್ಟೋ ಮಂದಿ. ಆಗಿನ ಪುಟಗಳನ್ನು ಯಜಮಾನರು ತಿರುವಿ ತೋರಿಸಿದರು. ಅಕ್ಕಿ, ಬೇಳೆ, ಎಣ್ಣೆ, ಮಗುವಿನ ಬಿಸ್ಕತ್ತು, ಒಂದು ಕಡೆ ಬಾಣಂತಿಗೆ ಕೊಬ್ಬರಿ. ಎಲ್ಲವೂ ಕಡ.

“ಆ ವರ್ಷ ಯಾರಿಗೂ ಇಲ್ಲ ಅನ್ನಲಿಲ್ಲ ಯಜಮಾನ್ರೇ. ಬಹಳ ಜನ ತೀರಿಸಿದ್ದಾರೆ, ಸುಳ್ಳು ಹೇಳಬಾರದು. ಆದರೆ ತೀರಿಸಿ ಹೋದವರು ಹಬ್ಬಕ್ಕೆ ತಿರುಗಿ ಬರಲಿಲ್ಲ ನೋಡ್ರಿ. ಕಡಕ್ಕೆ ನಮ್ಮಂಗಡಿ, ರೊಕ್ಕಕ್ಕೆ ಬೇರೆ ಅಂಗಡಿ ಆಗೈತಿ,” ಎಂದರು.

ಈ ಮಾತಿಗೆ ನಾವು ಉತ್ತರ ಕೊಡಲಾರದೆ ಹೋದೆವು. ಏಕೆಂದರೆ ಹೋದ ವರ್ಷ ನಾವೂ ಅದನ್ನೇ ಮಾಡಿದ್ದೆವು. ರಿಯಾಯಿತಿಯ ಆಸೆಗೆ ಮೊಬೈಲಿನಲ್ಲಿ ಒಂದು ಮಿಕ್ಸರ್ ತರಿಸಿದೆವು. ಎರಡನೇ ವಾರಕ್ಕೆ ಅದು ಕೆಟ್ಟು ನಿಂತಿತು. ವಾಪಸು ಕಳಿಸುವ ಅವಧಿ ಮುಗಿದಿದೆಯೆಂದು ಉತ್ತರ ಬಂತು. ಕೊನೆಗೆ ಅದನ್ನು ಸರಿಮಾಡಿಕೊಟ್ಟವನು ನಮ್ಮೂರಿನ ಸಣ್ಣ ಅಂಗಡಿಯ ಹುಡುಗನೇ. “ನನ್ನ ಹತ್ತಿರ ತಗೊಂಡಿದ್ದರೆ ಬದಲಿ ಕೊಡುತ್ತಿದ್ದೆ,” ಎಂದಷ್ಟೇ ಹೇಳಿದ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಲೆಕ್ಕ ದೊಡ್ಡದೇನಲ್ಲ. ಒಂದು ಊರಿನ ನೂರು ಮನೆಯವರು ಹಬ್ಬದ ಖರ್ಚಿನಲ್ಲಿ ತಲಾ ಎರಡು ಸಾವಿರ ರೂಪಾಯಿಯನ್ನು ಊರಿನಲ್ಲೇ ಕೊಟ್ಟರೆ ಎರಡು ಲಕ್ಷವಾಯಿತು. ಆ ಹಣ ದರ್ಜಿಗೆ, ಬಳೆಗಾರನಿಗೆ, ಕುಂಬಾರನಿಗೆ ಹೋಗಿ, ಅವರ ಕೈಯಿಂದ ಮತ್ತೆ ಊರಿನಲ್ಲೇ ತಿರುಗುತ್ತದೆ. ಮುಂದಿನ ಬರದ ವರ್ಷ ಆ ಅಂಗಡಿಯ ಬಾಗಿಲು ತೆರೆದಿರಬೇಕಾದರೆ ಈ ಒಳ್ಳೆಯ ವರ್ಷದಲ್ಲಿ ನಾವು ಅದರ ಮೆಟ್ಟಿಲು ಹತ್ತಬೇಕು.

ಹೆಣ್ಣುಮಕ್ಕಳ ಗಂಟು

ಇನ್ನು ಏನೇನು ಕೊಳ್ಳಬಹುದು ಎಂಬ ವಿಚಾರ. ಮೊದಲನೆಯದು ಮನೆಯ ಹೆಣ್ಣುಮಕ್ಕಳಿಗೆ. ಗೌರಿ ಹಬ್ಬದ ಬಾಗಿನವನ್ನೇ ನೋಡಿರಿ. ಮೇದಾರರ ಮೊರ, ಬಳೆಗಾರರ ಬಳೆ, ಜವಳಿ ಅಂಗಡಿಯ ರವಿಕೆ ಕಣ, ಕಿರಾಣಿಯ ಬೇಳೆ ಬೆಲ್ಲ, ಅರಿಶಿನ ಕುಂಕುಮ, ಕನ್ನಡಿ, ಬಾಚಣಿಗೆ, ತೋಟದ ತೆಂಗಿನಕಾಯಿ. ಒಂದು ಬಾಗಿನಕ್ಕೆ ಊರಿನ ಐದಾರು ಕಸುಬಿನವರ ಕೈ ಸೇರಬೇಕು. ನಮ್ಮ ಹಿರಿಯರು ಉಡುಗೊರೆಯನ್ನು ಹೀಗೆ ಕಟ್ಟಿದ್ದರಿಂದ ಹಬ್ಬ ಎಲ್ಲರ ಮನೆಗೂ ತಲಪುತ್ತಿತ್ತು.

ದೀಪಾವಳಿಗೆ ತವರಿಗೆ ಬರುವ ಮಗಳಿಗೂ ಇದೇ ರೀತಿ ಒಂದು ಗಂಟು ಕಟ್ಟಬಹುದು. ಸೀರೆಯನ್ನು ಊರಿನ ಅಂಗಡಿಯಲ್ಲೇ ಆರಿಸಿ, ರವಿಕೆಯನ್ನು ಊರಿನ ದರ್ಜಿಯ ಹತ್ತಿರ ಹೊಲಿಸಿರಿ. ರೇಷ್ಮೆ ಸೀರೆಯನ್ನೇ ಕೊಡುವ ಶಕ್ತಿ ಇದ್ದವರು ದೂರ ಹೋಗಬೇಕಿಲ್ಲ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಗ್ಗದ ಮನೆಯವರಿಂದಲೇ ನೇರವಾಗಿ ಕೊಂಡರೆ ಎರಡು ಕಡೆಗೂ ಲಾಭ.

ಸಕ್ಕರೆ ಆರತಿ

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಮಲೆನಾಡಿನ ಸದಸ್ಯರಿಗೆ ಇದು ಹೊಸದೆನಿಸಬಹುದು. ದಾವಣಗೆರೆ, ಹಾವೇರಿ, ಧಾರವಾಡದ ಸೀಮೆಯಲ್ಲಿ ಅಂದು ಹೆಣ್ಣುಮಕ್ಕಳು ಗೌರಿಗೆ ಸಕ್ಕರೆ ಗೊಂಬೆಗಳ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಡನೆ ಸಕ್ಕರೆ ಆರತಿ ತಂದುಕೊಡುವ ಪದ್ಧತಿಯೂ ಉಂಟು.

ಮಾಡುವ ಕ್ರಮ ಸರಳ, ಆದರೆ ಹದ ಬೇಕು. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕಲ್ಮಶ ತೆಗೆಯುತ್ತಾರೆ. ನೀರಿನಲ್ಲಿ ನೆನೆಸಿದ ಮರದ ಅಚ್ಚಿನ ಎರಡು ಹೋಳುಗಳನ್ನು ಬಿಗಿಯಾಗಿ ಕಟ್ಟಿ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ಬಸವಣ್ಣ, ತೇರು, ಗೋಪುರ ಹೊರಬರುತ್ತವೆ. ಪಾಕ ಎಳಸಾದರೆ ಗೊಂಬೆ ಅಚ್ಚಿಗೆ ಅಂಟುತ್ತದೆ, ಹೆಚ್ಚಾದರೆ ಹರಳುಗಟ್ಟಿ ಒಡೆಯುತ್ತದೆ. ಇದನ್ನು ಬಲ್ಲ ಮನೆಗಳು ಕಡಿಮೆಯಾಗುತ್ತಿವೆ. ಬಿಳಿಚೋಡಿನಲ್ಲಿ ನಮಗೆ ಕಂಡ ಒಬ್ಬ ಅಜ್ಜಿ, “ಅಚ್ಚು ಅದಾವಪ್ಪಾ, ಕೇಳೋರಿದ್ದರ ಈಗಲೂ ಹೊಯ್ತೀನಿ,” ಎಂದರು. ಕೇಳುವವರು ನಾವಾಗಬೇಕು. ಮಕ್ಕಳಿರುವ ಬಂಧುಗಳ ಮನೆಗೆ ಇದಕ್ಕಿಂತ ಸೊಗಸಾದ ಉಡುಗೊರೆ ನಮಗೆ ತೋಚದು.

ತೋಟದಲ್ಲಿ ದುಡಿಯುವವರಿಗೆ

ಹಬ್ಬದ ಪಟ್ಟಿಯಲ್ಲಿ ಕೊನೆಗೆ ಬರೆಯುವ, ಆದರೆ ಮೊದಲು ಬರೆಯಬೇಕಾದ ಹೆಸರುಗಳು ಇವರವು. ಗೊನೆ ಇಳಿಸುವವರು, ಅಡಿಕೆ ಸುಲಿಯುವ ಹೆಣ್ಣುಮಕ್ಕಳು, ರಾತ್ರಿ ಎದ್ದು ನೀರು ಬಿಡುವವರು, ಕಾಫಿ ಬಿಡಿಸುವವರು. ಇವರಿಗೆ ಒಂದು ಮಿಠಾಯಿ ಪೊಟ್ಟಣ ಕೊಟ್ಟು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ.

ಚಳಿ ಹಿಡಿಯುವ ಈ ಕಾಲದಲ್ಲಿ ಒಂದು ಕುರಿ ಉಣ್ಣೆಯ ಕಂಬಳಿ ಕೊಡಿರಿ. ಚಳ್ಳಕೆರೆಯ ಕಡೆಯ ಕಂಬಳಿಗೆ ಹಿಂದಿನಿಂದಲೂ ಹೆಸರಿದೆ. ಗಿರಣಿಯ ರಗ್ಗಿನಷ್ಟು ನುಣುಪಿಲ್ಲದಿದ್ದರೂ, ಇಬ್ಬನಿಯಲ್ಲಿ ನೆಂದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆ. ಬಾಳಿಕೆಯನ್ನು ಹೇಳಬೇಕಾಗಿಯೇ ಇಲ್ಲ. ಕೊಳ್ಳುವಾಗ ಅಂಚಿನ ಒಂದು ಎಳೆ ತೆಗೆದು ಸುಟ್ಟು ನೋಡಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಗುಂಡಾದರೆ ಅದು ಕೃತಕ ನೂಲು.

ಸುಲಿಯುವವರಿಗೆ ಇನ್ನೊಂದು ಉಡುಗೊರೆಯುಂಟು. ಊರ ಕುಲುಮೆಯಲ್ಲಿ ಹದವಾಗಿ ಬಡಿದ ಒಂದು ಸುಲಿಗತ್ತಿ. ಮೊಂಡಾದ ಕತ್ತಿಯಲ್ಲಿ ದಿನವಿಡೀ ಸುಲಿದವರ ಬೆರಳು ನೋಡಿದವರಿಗೆ ಇದರ ಬೆಲೆ ಗೊತ್ತು. ಕಮ್ಮಾರನಿಗೆ ಕೆಲಸ, ದುಡಿಯುವ ಕೈಗೆ ಆರಾಮ, ನಮ್ಮ ಕೆಲಸವೂ ಬೇಗ.

ಹಟ್ಟಿಗೂ ಹಬ್ಬ

ನಮ್ಮ ಕಡೆ ದೀಪಾವಳಿಗೆ ಹಟ್ಟಿ ಹಬ್ಬವೆಂದೇ ಹೆಸರು. ಪಾಡ್ಯದ ದಿನ ಸಗಣಿಯಿಂದ ಹಟ್ಟಿ ಲಕ್ಕವ್ವನನ್ನು ಮಾಡಿ, ಚೆಂಡು ಹೂವು, ಹುಚ್ಚೆಳ್ಳು ಹೂವು ಸಿಕ್ಕಿಸಿ ಪೂಜಿಸುವ ಮನೆಗಳು ಇನ್ನೂ ಇವೆ. ದನಗಳಿಗೂ ಅಂದು ಹೊಸತು ಬೇಕು. ಹಗ್ಗ, ಮೂಗುದಾರ, ಗೆಜ್ಜೆ, ಗೊಂಡೆ, ಕೊಂಬಿನ ಬಣ್ಣ ಮಾರುವ ಸಣ್ಣ ಅಂಗಡಿಯವರಿಗೆ ವರ್ಷದ ವ್ಯಾಪಾರವೆಂದರೆ ಕಾರ ಹುಣ್ಣಿಮೆ ಮತ್ತು ಈ ಹಬ್ಬ, ಎರಡೇ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು, ನಿಜ. ಆದರೂ ಹಾಲು ಕೊಡುವ ಹಸುವಿಗೆ ಒಂದು ಹೊಸ ಕೊರಳಹುರಿ ಹೆಚ್ಚಿನದೇನಲ್ಲ.

ದೀಪಕ್ಕೆ ಮಣ್ಣಿನ ಹಣತೆಯನ್ನೇ ಕೊಳ್ಳಿರಿ. ಒಂದು ಸೂಚನೆ: ಹೊಸ ಹಣತೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದರೆ ಎಣ್ಣೆ ಹೀರುವುದು ಕಡಿಮೆಯಾಗುತ್ತದೆ.

ನಮ್ಮ ಬೆಳೆಯೇ ಉಡುಗೊರೆ

ಬೆಳೆಗಾರರಾದ ನಾವು ನಮ್ಮ ಬೆಳೆಯನ್ನೇ ಉಡುಗೊರೆಯಾಗಿ ಕೊಡುವುದನ್ನು ಮರೆತಿದ್ದೇವೆ. ಬೆಂಗಳೂರಿನ ಬಂಧುಗಳ ಮನೆಗೆ ಹೋಗುವಾಗ ಪೇಟೆಯ ಮಿಠಾಯಿ ಒಯ್ಯುವ ಬದಲು ಅರ್ಧ ಕಿಲೋ ಒಳ್ಳೆಯ ಕಾಫಿ ಪುಡಿ ಒಯ್ದು ನೋಡಿರಿ. ಊರಿನ ಪುಡಿ ಅಂಗಡಿಯಲ್ಲಿ ಹುರಿದ ಬೀಜವನ್ನು ಹೊರಡುವ ಹಿಂದಿನ ದಿನ ಬೀಸಿಸಿ, ಗಾಳಿಯಾಡದ ಡಬ್ಬಿಗೆ ತುಂಬಬೇಕು. ಬೀಸಿದ ಪುಡಿಯ ಘಮ ಕೆಲವೇ ವಾರಗಳದು. ಚಿಕೋರಿ ಬೆರೆಸಿದ ಪೊಟ್ಟಣವಾದರೆ ಪ್ರಮಾಣವನ್ನು ಅದರ ಮೇಲೆ ನಮೂದಿಸಿರಲೇಬೇಕು. ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರಕೂಡದೆಂದು ನಿಯಮವಿದೆ.

ಮಕ್ಕಳಿಗೆ ಚಾಕೊಲೇಟ್ ಬೇಕೇ ಬೇಕಾದರೆ ಅದೂ ಬೆಳೆಗಾರರದೇ ಇದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ಮರದ ನೆರಳಿನಲ್ಲಿ ಬೆಳೆದ ಕೋಕೋ ಕೊಳ್ಳುವವರಿಲ್ಲದೆ ಹಾಳಾಗಬಾರದೆಂಬ ಯೋಚನೆ ಅದರ ಹಿಂದಿತ್ತು. ಊರಿನ ಅಂಗಡಿಯವರಿಗೆ ಅದನ್ನು ತರಿಸಿಡಲು ಹೇಳಿರಿ. ಕೇಳಿದರೆ ತರಿಸುತ್ತಾರೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪುಣ್ಯಕ್ಷೇತ್ರ. ಈ ಸೀಮೆಯ ತಾಂಡಾಗಳಲ್ಲಿ ಕನ್ನಡಿ, ಕವಡೆ ಹಚ್ಚಿ ಕಸೂತಿ ಮಾಡಬಲ್ಲ ತಾಯಂದಿರಿದ್ದಾರೆ. ಅವರು ಹೊಲಿದ ಒಂದು ಚೀಲದಲ್ಲಿ ಕಾಫಿ ಪುಡಿ ಇಟ್ಟು ಕೊಟ್ಟರೆ, ಬಣ್ಣದ ಕಾಗದದಂತೆ ಹರಿದು ಎಸೆಯುವ ಮಾತಿಲ್ಲ.

ಕೊಳ್ಳುವಾಗ ಎಚ್ಚರ

ಊರಿನವರೆಂದು ಕಣ್ಣು ಮುಚ್ಚಿ ಕೊಳ್ಳಿರೆಂದು ನಾವು ಹೇಳುವುದಿಲ್ಲ. ಸಣ್ಣ ಅಂಗಡಿಯಾದರೂ ರಶೀದಿ ಕೇಳಿರಿ. ಪೊಟ್ಟಣದ ಮೇಲಿನ ಗರಿಷ್ಠ ಬೆಲೆ, ತಯಾರಿಸಿದ ದಿನಾಂಕ ನೋಡಿರಿ. ಕುಕ್ಕರಿನ ಮೇಲೆ ಐ.ಎಸ್.ಐ. ಮುದ್ರೆ ಇರಬೇಕು. ಅಡಿಕೆಯ ಹಣದಲ್ಲಿ ಚಿನ್ನ ಮಾಡಿಸುವವರು, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯವೆಂಬುದನ್ನು ನೆನಪಿಡಬೇಕು.

ಅಂಗಡಿಯವರಿಗೂ ಒಂದು ಮಾತು. ಪೇಟೆಯಲ್ಲಿ ಸಿಗುವುದಕ್ಕಿಂತ ಹತ್ತು ರೂಪಾಯಿ ಹೆಚ್ಚಾದರೆ ಗಿರಾಕಿ ಸಹಿಸಿಯಾನು, ನೂರು ಹೆಚ್ಚಾದರೆ ಬಸ್ಸು ಹತ್ತುತ್ತಾನೆ. ಹಳೆಯ ಮಾಲನ್ನು ಹಬ್ಬದ ಗದ್ದಲದಲ್ಲಿ ದಾಟಿಸುವ ಆಸೆ ಬೇಡ. ನಾಲ್ಕೈದು ಅಂಗಡಿಯವರು ಸೇರಿ ಒಟ್ಟಿಗೆ ಸಗಟು ಖರೀದಿ ಮಾಡಿದರೆ ದರವೂ ಇಳಿಯುತ್ತದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ರೈತರಿಗೆ ತೋರಿದ ದಾರಿ ಅಂಗಡಿಕಾರರಿಗೂ ತೆರೆದೇ ಇದೆ.

ಘಟ್ಟದ ಸದಸ್ಯರೂ ಬಯಲಿನ ಸದಸ್ಯರೂ ನಮ್ಮ ಸಂಘದಲ್ಲಿ ಒಟ್ಟಿಗೆ ಇದ್ದೇವೆ. ಅಲ್ಲಿಯ ಕಾಫಿ, ಏಲಕ್ಕಿ, ಜೇನು ಇಲ್ಲಿಗೆ ಬರಲಿ. ಇಲ್ಲಿಯ ಕಂಬಳಿ, ಶೇಂಗಾ, ದಾವಣಗೆರೆಯ ಮಂಡಕ್ಕಿ ಅಲ್ಲಿಗೆ ಹೋಗಲಿ. ನಾಲ್ಕು ಮನೆಯವರು ಒಪ್ಪಿದರೆ, ಮಾಲು ತರುವ ಗಾಡಿಯಲ್ಲೇ ಒಂದು ಮೂಟೆ ಹೆಚ್ಚಿಗೆ ಬರಲು ಅಡ್ಡಿಯೇನಿದೆ?

ಬಿಳಿಚೋಡಿನಿಂದ ಹೊರಡುವಾಗ ಕಿರಾಣಿ ಅಂಗಡಿಗೆ ಮತ್ತೆ ಹೋದೆವು. ಹಬ್ಬದ ಹೋಳಿಗೆಗೆ ಬೇಳೆ, ಬೆಲ್ಲ, ಒಂದು ಡಜನ್ ಹಣತೆ, ಒಂದು ಕಂಬಳಿ ಕೊಂಡು ರೊಕ್ಕ ಕೊಟ್ಟೆವು. ಯಜಮಾನರು ಬೆಲ್ಲ ತೂಗಿದ ಮೇಲೆ ಒಂದು ಸಣ್ಣ ಅಚ್ಚನ್ನು ತೆಗೆದು, “ಇದು ಮಕ್ಕಳಿಗೆ,” ಎಂದು ಚೀಲಕ್ಕೆ ಹಾಕಿದರು. ತೂಕಕ್ಕೆ ಸೇರದ ಆ ಬೆಲ್ಲದ ಅಚ್ಚು ಯಾವ ಮೊಬೈಲಿನ ರಿಯಾಯಿತಿಯಲ್ಲೂ ನಮಗೆ ಸಿಕ್ಕಿರಲಿಲ್ಲ.

ಸಂಘದ ಸಮಸ್ತ ಸದಸ್ಯರಿಗೂ, ಅವರ ಕುಟುಂಬದವರಿಗೂ, ತೋಟದಲ್ಲಿ ದುಡಿಯುವ ಎಲ್ಲರಿಗೂ ಹಟ್ಟಿ ಹಬ್ಬದ ಶುಭಾಶಯಗಳು. ಮಳೆ ಬೆಳೆ ಚೆನ್ನಾಗಿರಲಿ, ಮನೆಯ ದೀಪದೊಡನೆ ಊರ ಅಂಗಡಿಗಳ ದೀಪವೂ ಉರಿಯಲಿ.