ಗುಡವಿಯ ಕೆಂಬರಲು, ಮೆಕ್ಕೆಜೋಳದ ಕಾಜಾಣ: ಸೊರಬ–ಶಿಕಾರಿಪುರ ಭಾಗದ ರೈತರಿಗೆ ಪಕ್ಷಿ ಗಣತಿಯ ವಿಧಾನ

2018ರ ಮೇ–ಜೂನ್ ತಿಂಗಳುಗಳಲ್ಲಿ ಶಿವಮೊಗ್ಗ ಪರಿಸರದ ಮೆಕ್ಕೆಜೋಳದ ತಾಕುಗಳಲ್ಲಿ ಸುಳಿಯನ್ನು ತಿಂದು ಹಾಕುವ ಹೊಸ ಹುಳುವೊಂದನ್ನು ಇಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಗುರುತಿಸಿದರು. ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳುವಿನ ಬಗ್ಗೆ ಭಾರತದ ಪ್ರಥಮ ವರದಿ ಹೀಗೆ ನಮ್ಮ ಜಿಲ್ಲೆಯಿಂದಲೇ ಹೊರಟಿತು. ಅದರ ಸಮಗ್ರ ಹತೋಟಿಗೆ ಶಿಫಾರಸು ಮಾಡಲಾದ ಕ್ರಮಗಳಲ್ಲಿ ಒಂದು ಬಹಳ ಸರಳವಾದುದು: ಬೆಳೆ 30 ದಿನಗಳದ್ದಾಗುವವರೆಗೆ ಎಕರೆಗೆ 10ರಂತೆ ಪಕ್ಷಿಗಳು ಕೂರಲು ಕೋಲುಗಳನ್ನು ನೆಡುವುದು. ಕೋಲು ನೆಟ್ಟವರು ಅನೇಕರಿದ್ದಾರೆ. ಆದರೆ ಅದರ ಮೇಲೆ ಯಾವ ಹಕ್ಕಿ ಬಂದು ಕುಳಿತಿತು, ಬೆಳಗಿನ ಒಂದು ಗಂಟೆಯಲ್ಲಿ ಎಷ್ಟು ಬಾರಿ ಕೆಳಗಿಳಿದು ಹುಳು ಹಿಡಿಯಿತು ಎಂಬುದನ್ನು ಬರೆದಿಟ್ಟವರು ವಿರಳ. ಪಕ್ಷಿ ಗಣತಿಯು ಕೃಷಿಕನಿಗೆ ಸಂಬಂಧಪಟ್ಟ ವಿಷಯವಾಗುವುದು ಈ ಹಂತದಲ್ಲಿ.

ಅಭಯಾರಣ್ಯದ ಆಚೆಗಿನ ಹಕ್ಕಿಗಳು

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವು ಸುಮಾರು 73 ಹೆಕ್ಟೇರ್ ವಿಸ್ತಾರದ ಚಿಕ್ಕ ಪಕ್ಷಿಧಾಮ. ಮಳೆಗಾಲದಲ್ಲಿ ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಮುಂತಾದವು ಗೂಡು ಕಟ್ಟಿ ಮರಿ ಮಾಡುತ್ತವೆ. ಕೆರೆ ಅವುಗಳಿಗೆ ವಾಸಸ್ಥಾನ ಮಾತ್ರ. ಕೆಂಬರಲು ತನ್ನ ಉದ್ದನೆಯ ಬಾಗಿದ ಕೊಕ್ಕನ್ನು ಗದ್ದೆಯ ಕೆಸರಿಗೆ ಇಳಿಸಿ ಕೀಟ, ಏಡಿ, ಹುಳು, ಕಪ್ಪೆಗಳನ್ನು ಹೆಕ್ಕುತ್ತದೆ. ಬದುವಿನಲ್ಲಿ ಬಿಲ ತೋಡಿ ನೀರು ಸೋರಿಸುವ ಏಡಿಯ ಕಾಟ ಅರಿತ ಭತ್ತದ ಬೆಳೆಗಾರರಿಗೆ ಈ ಹಕ್ಕಿಯ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಅದು ಕಪ್ಪೆಯನ್ನೂ ತಿನ್ನುವುದರಿಂದ ಲೆಕ್ಕ ಸಂಪೂರ್ಣ ಲಾಭದ್ದೇ ಅಲ್ಲ ಎಂಬುದೂ ನಿಜ. ಬಾಯ್ಕಳಕ ಕೊಕ್ಕರೆಯ ಮುಖ್ಯ ಆಹಾರ ಬಸವನಹುಳು.

ಪಕ್ಷಿಧಾಮದ ಒಳಗಿನ ಗೂಡುಗಳನ್ನು ಅರಣ್ಯ ಇಲಾಖೆ ಕಾಯುತ್ತದೆ. ಮರಿಗಳಿಗೆ ಆಹಾರ ಒದಗಿಸುವ ಗದ್ದೆಗಳು ಇರುವುದು ಅದರ ಗಡಿಯ ಆಚೆ, ರೈತರ ಸ್ವಾಧೀನದಲ್ಲಿ. ಗದ್ದೆ ಕಡಿಮೆಯಾಗಿ ಅಡಿಕೆ ತೋಟ, ಶುಂಠಿ ಹೆಚ್ಚಿದರೆ, ಅಥವಾ ಕೀಟನಾಶಕದ ಬಳಕೆ ಏರಿದರೆ ಅದರ ಪರಿಣಾಮ ಕೆರೆಯಲ್ಲಿ ಕಾಣುವ ಮೊದಲು ಗದ್ದೆಯಲ್ಲಿ ಕಾಣಬೇಕು. ಆದರೆ ಹಕ್ಕಿ ನೋಡಲು ಬರುವವರು ಕೆರೆಯ ಬಳಿಯೇ ನಿಲ್ಲುತ್ತಾರೆ. ಗದ್ದೆಯ ದಾಖಲೆಯನ್ನು ಅಲ್ಲಿ ದಿನವೂ ಓಡಾಡುವವರೇ ಮಾಡಬೇಕಾಗಿದೆ.

ಇಂತಹ ದಾಖಲೆಗಳಿಗೆ ಬೆಲೆಯಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು ಸುಮಾರು 30,000 ಹವ್ಯಾಸಿ ವೀಕ್ಷಕರು ಕಳುಹಿಸಿದ ಮೂರು ಕೋಟಿ ದಾಖಲೆಗಳನ್ನು ಆಧರಿಸಿದೆ. ಅದು ಪರಿಶೀಲಿಸಿದ 942 ಪ್ರಭೇದಗಳಲ್ಲಿ 178 ಪ್ರಭೇದಗಳಿಗೆ ತುರ್ತು ರಕ್ಷಣೆ ಅಗತ್ಯವೆಂದು ಗುರುತಿಸಲಾಗಿದೆ. ಹೊಲದ ತಂತಿಯ ಮೇಲೆ ಕುಳಿತು ಮಿಡತೆ ಹಿಡಿಯುವ ನೀಲಕಂಠ, ಅಂದರೆ ನಮ್ಮ ರಾಜ್ಯಪಕ್ಷಿ, ಸಂಖ್ಯೆಯಲ್ಲಿ ಕುಗ್ಗುತ್ತಿರುವುದನ್ನೂ ಈ ವರದಿ ಎತ್ತಿ ತೋರಿಸಿತು. ಎಲ್ಲೆಡೆ ಕಾಣುತ್ತದೆಂದು ಯಾರೂ ಎಣಿಸದೆ ಬಿಟ್ಟ ಹಕ್ಕಿ ಅದು.

ಎಣಿಸುವ ಕ್ರಮ

ನಿಮ್ಮ ಜಮೀನಿನ ಬದುವಿನ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರದ ದಾರಿಯನ್ನು ನಿಗದಿಪಡಿಸಿಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ, ಸೂರ್ಯೋದಯದ ನಂತರದ ಎರಡು ಗಂಟೆಗಳೊಳಗೆ, ಅದೇ ದಾರಿಯಲ್ಲಿ ನಿಧಾನವಾಗಿ ನಡೆದು ಕಂಡ ಮತ್ತು ಕೂಗಿನಿಂದ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದುಕೊಳ್ಳಬೇಕು. ‘ಎಲ್ಲ’ ಎಂಬ ಪದ ಇಲ್ಲಿ ಮುಖ್ಯ. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಗೊರವಂಕ, ಗೋವಕ್ಕಿಗಳನ್ನು ಬಿಟ್ಟ ಪಟ್ಟಿಯಿಂದ ಏರಿಳಿತ ತಿಳಿಯದು. ಪೂರ್ಣ ಪಟ್ಟಿಯಲ್ಲಿ ಇಲ್ಲದ ಹೆಸರೂ ಮಾಹಿತಿಯೇ: ಕಳೆದ ಶ್ರಾವಣದಲ್ಲಿ ಇದ್ದ ಟಿಟ್ಟಿಭ ಈ ಶ್ರಾವಣದಲ್ಲಿ ಇಲ್ಲವೆಂಬುದು ಅದರಿಂದಲೇ ಗೊತ್ತಾಗುತ್ತದೆ. ದಿನಾಂಕ, ಆರಂಭದ ಸಮಯ, ನಡೆದ ದೂರ, ಬೆಳೆಯ ಹಂತ, ಹಿಂದಿನ ವಾರ ಸಿಂಪಡಿಸಿದ ಔಷಧಿ ಇವಿಷ್ಟನ್ನು ಪಟ್ಟಿಯ ಮೇಲ್ಭಾಗದಲ್ಲಿ ನಮೂದಿಸಬೇಕು. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡದೆ ‘ಗುರುತಿಸಿಲ್ಲ’ ಎಂದೇ ಬರೆಯಬೇಕು.

ದೊಡ್ಡ ಗುಂಪು ಹಾರಿಬಂದರೆ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಆ ಗಾತ್ರದ ಗುಂಪುಗಳು ಎಷ್ಟಿವೆಯೆಂದು ಅಂದಾಜಿಸಬೇಕು. ಬಣವೆ ನೋಡಿ ಹುಲ್ಲಿನ ಹೊರೆ ಹೇಳುವವರಿಗೆ ಇದು ಕಷ್ಟದ ಕೆಲಸವಲ್ಲ. ಗುಡವಿಯ ಸುತ್ತಲಿನ ಗ್ರಾಮಗಳವರು ಸಂಜೆ ಒಂದೇ ಸ್ಥಳದಲ್ಲಿ ನಿಂತು ಯಾವ ದಿಕ್ಕಿನಿಂದ ಎಷ್ಟು ಕೆಂಬರಲು ಕೆರೆಯತ್ತ ಮರಳಿದವೆಂದು ಗುರುತು ಹಾಕಿದರೆ, ಅವು ಮೇಯುವ ಗದ್ದೆಬಯಲು ಯಾವುದೆಂಬ ಅಂದಾಜು ಸಿಗುತ್ತದೆ. ಗೂಡಿರುವ ಮರದ ಬಳಿಗೆ ಹೋಗುವುದು, ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಸಲ್ಲದು.

ಮೆಕ್ಕೆಜೋಳ ಹೆಚ್ಚಿರುವ ಶಿಕಾರಿಪುರ ಭಾಗದಲ್ಲಿ ಕೂರುವ ಕೋಲುಗಳ ಗಣತಿ ಪ್ರತ್ಯೇಕವಾಗಿ ನಡೆಯಬೇಕು. ಕೋಲುಗಳಿರುವ ಮತ್ತು ಇಲ್ಲದ ಎರಡು ತಾಕುಗಳನ್ನು ಆರಿಸಿ, ತಲಾ ಅರ್ಧ ಗಂಟೆ ನೋಡಿ, ಕಾಜಾಣ, ಗೊರವಂಕ, ಕಳ್ಳಿಪೀರ ಎಷ್ಟು ಬಾರಿ ಬಂದವೆಂದು ಬರೆಯಬೇಕು. ಅದೇ ದಿನ ಪ್ರತಿ ತಾಕಿನಲ್ಲಿ ನೂರು ಗಿಡಗಳ ಸುಳಿ ಪರೀಕ್ಷಿಸಿ ಹುಳು ಇರುವ ಗಿಡಗಳ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಬೇಕು. ಒಂದೆರಡು ತಾಕುಗಳಿಂದ ತೀರ್ಮಾನಕ್ಕೆ ಬರಲಾಗದು. ವಿಸ್ತರಣಾ ಕಾರ್ಯಕರ್ತರು ಹಲವು ಗ್ರಾಮಗಳಲ್ಲಿ ಒಂದೇ ವಿಧಾನ ಅನುಸರಿಸಿದರೆ ಹೋಲಿಕೆ ಸಾಧ್ಯವಾಗುತ್ತದೆ. ತೆನೆ ಕಾಳು ಕಟ್ಟುವ ಮೊದಲೇ ಕೋಲುಗಳನ್ನು ತೆಗೆಯಬೇಕು, ಇಲ್ಲವಾದರೆ ಅವು ಗಿಳಿಗಳಿಗೆ ಆಸನವಾಗುತ್ತವೆ. ಹಕ್ಕಿ ಬೆಳೆಗೆ ವೈರಿಯೆಂಬ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಯಾವ ಹಕ್ಕಿ, ಬೆಳೆಯ ಯಾವ ಹಂತದಲ್ಲಿ ಎಂಬುದನ್ನು ಪಟ್ಟಿ ಬಿಡಿಸಿ ಹೇಳುತ್ತದೆ.

ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಮಣ್ಣಿನಲ್ಲಿ ಪೂರ್ಣ ಮುಚ್ಚುವುದು, ಪಾಷಾಣ ತಿಂದು ಸತ್ತ ಇಲಿಗಳನ್ನು ಗೂಬೆಗಳಿಗೆ ಸಿಗದಂತೆ ಹೂಳುವುದು ಅಗತ್ಯ. ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು.

ಗಣತಿಗೆ ಸೇರುವ ಸಂದರ್ಭಗಳು

1987ರಿಂದ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿಗೆ ಕುಮುದ್ವತಿಯ ಅಂಜನಾಪುರ ಜಲಾಶಯ ಮತ್ತು ಊರ ಕೆರೆಗಳು ಸೂಕ್ತ ಸ್ಥಳಗಳು. ಫೆಬ್ರವರಿಯ ನಾಲ್ಕು ದಿನಗಳ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷದ ವೀಕ್ಷಣೆಯೂ ಸಾಕು, ಹಿತ್ತಲಿನಿಂದಲೇ ಎಣಿಸಬಹುದು. ಅದರೊಡನೆ ಶಾಲಾ–ಕಾಲೇಜು ಆವರಣಗಳ ಗಣತಿಯೂ ನಡೆಯುವುದರಿಂದ ಗ್ರಾಮದ ಶಾಲೆಯ ಮಕ್ಕಳನ್ನು ಸೇರಿಸಿಕೊಳ್ಳಬಹುದು. ಚಂದ್ರಗುತ್ತಿ ಬೆಟ್ಟ ಹತ್ತುವವರು ಬುಡದ ಕಾಡಿನ ಕುಟ್ರುಹಕ್ಕಿ, ಮರಕುಟಿಗ, ಪಿಕಳಾರಗಳಿಗೆ ಒಂದು ಪಟ್ಟಿ, ಮೇಲಿನ ಬಂಡೆಪ್ರದೇಶಕ್ಕೆ ಇನ್ನೊಂದು ಪಟ್ಟಿ ಮಾಡುವುದು ಒಳ್ಳೆಯದು. ಎರಡನ್ನೂ ಬೆರೆಸಿದರೆ ಯಾವ ಹಕ್ಕಿ ಎಲ್ಲಿ ಇತ್ತೆಂಬುದು ಅಳಿಸಿಹೋಗುತ್ತದೆ.

ಪಟ್ಟಿಗಳನ್ನು ಇ-ಬರ್ಡ್ ಎಂಬ ಉಚಿತ ಮೊಬೈಲ್ ಆ್ಯಪ್‌ನಲ್ಲಿ ಸೇರಿಸಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ಪುಸ್ತಕದಲ್ಲಿ ಬರೆದುಕೊಟ್ಟರೆ ವಿಸ್ತರಣಾ ಕಾರ್ಯಕರ್ತರು ನಮೂದಿಸಿಕೊಡಬಹುದು. ದಿನಾಂಕ ಮತ್ತು ಸ್ಥಳ ಖಚಿತವಾಗಿದ್ದಲ್ಲಿ ಹಿಂದಿನ ವರ್ಷಗಳ ಪಟ್ಟಿಗಳಿಗೂ ಅಲ್ಲಿ ಅವಕಾಶವಿದೆ.